ಟವರಿನ ಭಯವೂ ಕಿವಿಯ ಮೊಬೈಲೂ

ಊರಿನಲ್ಲಿ ಮೊಬೈಲಿನ ಹೊಸ ಟವರು ಏಳುವದೆಂಬ ಸುದ್ದಿ ಹಬ್ಬಿದ ಕೂಡಲೆ ಜನರಲ್ಲಿ ಎರಡು ಪಕ್ಷಗಳಾಗುವದು ಈಗ ನಮ್ಮ ನಾಡಿನಲ್ಲಿ ವಾಡಿಕೆಯಾಗಿದೆ. ಟವರಿನಿಂದ ಹೊರಡುವ ಅಲೆಗಳು ಕ್ಯಾನ್ಸರ್ ರೋಗವನ್ನು ತರುವವೆಂದೂ, ಗರ್ಭಿಣಿಯರಿಗೂ ಕೂಸುಗಳಿಗೂ ಅವುಗಳಿಂದ ಕೇಡು ತಪ್ಪದೆಂದೂ ಒಂದು ಪಕ್ಷದವರು ಹುಯಿಲೆಬ್ಬಿಸುತ್ತಾರೆ. ಇದೆಲ್ಲ ತಿಳಿಯದವರ ಗದ್ದಲ, ವಿಜ್ಞಾನವು ಈ ಪ್ರಶ್ನೆಯನ್ನು ಎಂದೋ ಮುಗಿಸಿಬಿಟ್ಟಿದೆ ಎಂದು ಇನ್ನೊಂದು ಪಕ್ಷದವರು ನಕ್ಕುಬಿಡುತ್ತಾರೆ. ಮೊದಲಿನವರು ಅಳೆದು ನೋಡದೆ ಅಂಜುತ್ತಾರೆ. ಎರಡನೆಯವರು ಅಳೆದು ನೋಡದೆ ಅಭಯ ಕೊಡುತ್ತಾರೆ. ಇವೆರಡೂ ನಾಗರಿಕರಿಗೆ ತಕ್ಕ ನಡೆಯಲ್ಲವೆಂದು ನಮ್ಮ ಅಭಿಪ್ರಾಯ. ಅಂಜಿಕೆಗೆ ಕಾರಣವಿದೆಯೋ ಇಲ್ಲವೋ, ಇದ್ದರೆ ಎಲ್ಲಿದೆ, ಎಷ್ಟಿದೆ ಎಂಬದನ್ನು ಲೆಕ್ಕ ಹಾಕಿ ನೋಡಲು ಬರುವಾಗ ಕೂಗಾಡುವದೂ ಸಲ್ಲದು, ನಗುವದೂ ಸಲ್ಲದು.

ಈ ವಿಚಾರವನ್ನು ಐಹೊಳೆಯನ್ನು ಕಣ್ಣಮುಂದಿಟ್ಟುಕೊಂಡು ನಡೆಸಬೇಕೆಂದು ನಮ್ಮ ಇಚ್ಛೆ. ಮಲಪ್ರಭೆಯ ದಂಡೆಯ ಈ ಊರಿನಲ್ಲಿ ನೂರಕ್ಕೂ ಮೇಲ್ಪಟ್ಟು ಪ್ರಾಚೀನ ದೇವಾಲಯಗಳಿವೆ. ಅವು ಊರ ಹೊರಗೆ ಒಂದೇ ಕಡೆಗೆ ಇಲ್ಲ. ಮನೆಗಳ ನಡುವೆಯೂ ಹಿತ್ತಲುಗಳ ಬದಿಯಲ್ಲಿಯೂ ಚದರಿಕೊಂಡಿವೆ. ಗುಡಿಯೊಂದಕ್ಕೆ ಲಾಡಖಾನನ ಹೆಸರು ಬಂದದ್ದೇ ಅವನು ಅದರಲ್ಲಿ ವಾಸವಾಗಿದ್ದ ಕಾರಣದಿಂದ. ಇಂಥ ಊರಿಗೆ ಬೇರೆ ಊರುಗಳಿಗಿಲ್ಲದ ಒಂದು ಕಟ್ಟಳೆಯುಂಟು. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯ ಮೇರೆಗೆ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡವನ್ನು ಎಬ್ಬಿಸುವದು ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಅಪ್ಪಣೆಯಿಲ್ಲದೆ ಎಬ್ಬಿಸುವಂತಿಲ್ಲ. ಸ್ಮಾರಕಗಳು ಊರ ತುಂಬ ಹರಡಿರುವಲ್ಲಿ ಈ ವರ್ತುಲಗಳು ಒಂದರ ಮೇಲೊಂದು ಬಿದ್ದು, ಊರ ನಡುವೆ ಟವರನ್ನು ನಿಲ್ಲಿಸುವ ಮಾತು ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ. ಹಾಗಾದರೆ ಐಹೊಳೆಯವರು ಪುಣ್ಯವಂತರು, ಅಲೆಗಳ ಬಾಧೆ ಅವರಿಗೆ ತಾನಾಗಿಯೇ ತಪ್ಪಿತು ಎಂದು ಹುಯಿಲೆಬ್ಬಿಸುವವರು ಹೇಳಬಹುದು. ಅದು ನಿಜವೇ? ಇದೇ ನಮ್ಮ ಪ್ರಶ್ನೆ.

ಉತ್ತರ ಹೇಳುವ ಮೊದಲು ಈ ಅಲೆಗಳ ಸ್ವರೂಪವನ್ನು ಎರಡು ಮಾತಿನಲ್ಲಿ ತಿಳಿದುಕೊಳ್ಳುವದು ಅವಶ್ಯ. ಮೊಬೈಲಿನ ಅಲೆಗಳು ಹೊಸ ಮಾಯೆಯೇನೂ ಅಲ್ಲ. ಧಾರವಾಡ ಆಕಾಶವಾಣಿಯ ಅಲೆಗಳೂ, ಒಲೆಯ ಕಾವೂ, ಸೂರ್ಯನ ಬೆಳಕೂ, ಆಸ್ಪತ್ರೆಯ ಎಕ್ಸ್‌ರೇಯೂ ಎಲ್ಲವೂ ವಿದ್ಯುತ್ಕಾಂತೀಯ ಅಲೆಗಳೆಂಬ ಒಂದೇ ಕುಲಕ್ಕೆ ಸೇರಿದವು. ಮಾರ್ಕೋನಿಯ ಹೆಸರು ಲೋಕದಲ್ಲಿ ಹಬ್ಬುವ ಮೊದಲೇ, 1895ರಲ್ಲಿ, ಕಲಕತ್ತೆಯಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು ಇಂಥ ಅಲೆಗಳಿಂದ ತಂತಿಯಿಲ್ಲದೆ ದೂರದ ಗಂಟೆಯನ್ನು ಬಾರಿಸಿ, ಮದ್ದನ್ನು ಸಿಡಿಸಿ ಜನರಿಗೆ ತೋರಿಸಿದ್ದರು. ಕುಲ ಒಂದೇ ಆದರೂ ಗುಣ ಬೇರೆ. ಎಕ್ಸ್‌ರೇಯಂಥ ಅಲೆಗಳು ಜೀವಕಣಗಳ ಒಳಗಿನ ಅಣುಗಳ ಕಟ್ಟನ್ನೇ ಬಿಚ್ಚಬಲ್ಲವು. ಆದ್ದರಿಂದಲೇ ಅವುಗಳಿಂದ ಕ್ಯಾನ್ಸರ್ ಹುಟ್ಟಬಲ್ಲದು. ಮೊಬೈಲಿನ ಅಲೆಗಳಿಗೆ ಆ ಕಸುವಿಲ್ಲ. ಅವು ಮಾಡಬಲ್ಲ ನಿಶ್ಚಿತವಾದ ಕೆಲಸವೆಂದರೆ ದೇಹವನ್ನು ಕಾಯಿಸುವದು. ಲೋಕದ ಕಟ್ಟಳೆಗಳೆಲ್ಲ ಈ ಕಾವನ್ನು ದೇಹವು ಅರಿಯದಷ್ಟು ಕೆಳಗೆ ಇಡುವದಕ್ಕಾಗಿಯೇ ಹುಟ್ಟಿವೆ. ಕಾವಿನ ಹೊರತಾಗಿ ಬೇರೆ ಸೂಕ್ಷ್ಮವಾದ ಕೇಡೇನಾದರೂ ಇದೆಯೋ ಎಂಬದು ಶೋಧಕರ ಪ್ರಶ್ನೆ. ಅದನ್ನು ಮುಂದೆ ನೋಡೋಣ.

ಇನ್ನು ದೂರದ ನಿಯಮ. ದೀಪದಿಂದ ದೂರ ಸರಿದಂತೆ ಬೆಳಕು ತೆಳುವಾಗುವಂತೆಯೇ ಈ ಅಲೆಗಳೂ ತೆಳುವಾಗುತ್ತವೆ. ದೂರ ಎರಡು ಪಟ್ಟಾದರೆ ಬಲ ನಾಲ್ಕನೆಯ ಒಂದು ಪಾಲು. ದೂರ ಹತ್ತು ಪಟ್ಟಾದರೆ ಬಲ ನೂರನೆಯ ಒಂದು ಪಾಲು. ವಾಚಕರು ನಮ್ಮೊಡನೆ ಒಂದು ಸ್ಥೂಲವಾದ ಲೆಕ್ಕವನ್ನು ಮಾಡಲಿ. ಟವರಿನ ಒಂದು ಆಂಟೆನಾ 20 ವ್ಯಾಟ್ ಶಕ್ತಿಯನ್ನು ಹೊರಡಿಸುತ್ತದೆಂದೂ, ಅದನ್ನು ಸುತ್ತಲೂ ಚೆಲ್ಲದೆ ಒಂದು ದಿಕ್ಕಿಗೆ ಐವತ್ತು ಪಟ್ಟು ಒಗ್ಗೂಡಿಸಿ ಕಳುಹಿಸುತ್ತದೆಂದೂ ಇಟ್ಟುಕೊಳ್ಳೋಣ. ಆ ದಿಕ್ಕಿನಲ್ಲಿಯೇ, 100 ಮೀಟರು ದೂರದಲ್ಲಿ, ಅಡ್ಡ ಗೋಡೆಯಿಲ್ಲದೆ ನಿಂತವನ ಮೇಲೆ ಬೀಳುವ ಬಲ ಚದರ ಮೀಟರಿಗೆ 0.008 ವ್ಯಾಟ್. ಮನುಷ್ಯನ ತಲೆಯ ವಿಸ್ತೀರ್ಣವನ್ನು ಚದರ ಮೀಟರಿನ ಇಪ್ಪತ್ತನೆಯ ಒಂದು ಪಾಲು ಎಂದು ಹಿಡಿದರೆ ತಲೆಗೆ ತಗಲುವದು 0.0004 ವ್ಯಾಟ್ ಮಾತ್ರ. ಅದೇ ಮನುಷ್ಯನು ಸಿಗ್ನಲ್ ಕ್ಷೀಣವಾದಲ್ಲಿ ಮೊಬೈಲನ್ನು ಕಿವಿಗೆ ಒತ್ತಿ ಹಿಡಿದಾಗ ಆ ಮೊಬೈಲು ತಾನೇ ಸುಮಾರು 0.2 ವ್ಯಾಟ್ ಶಕ್ತಿಯನ್ನು ಹೊರಡಿಸುತ್ತದೆ. ಅದರಲ್ಲಿ ಅರ್ಧವನ್ನು ತಲೆಯು ಹೀರಿತೆಂದರೂ 0.1 ವ್ಯಾಟ್ ಆಯಿತು. ಟವರಿನದಕ್ಕಿಂತ ಇದು ಇನ್ನೂರೈವತ್ತು ಪಟ್ಟು!

ಟವರು ಹಗಲಿರುಳೂ ಉರಿಯುತ್ತಿರುತ್ತದಲ್ಲ, ಮೊಬೈಲಾದರೋ ಕ್ಷಣಕಾಲದ್ದು ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಆದರೆ ಇಪ್ಪತ್ತನಾಲ್ಕು ತಾಸುಗಳನ್ನು ಇನ್ನೂರೈವತ್ತರಿಂದ ಭಾಗಿಸಿ ನೋಡಿದರೆ ಆರು ನಿಮಿಷವೂ ಬರುವದಿಲ್ಲ. ಒಂದು ದಿನದ ಟವರಿನ ಪಾಲು ಆರು ನಿಮಿಷದ ಮಾತಿನಲ್ಲಿ ತೀರಿಹೋಯಿತು. ಒಂದೇ ದಿಕ್ಕಿಗೆ ಹತ್ತು ಆಂಟೆನಾಗಳಿದ್ದರೂ ಅದು ಒಂದು ತಾಸಿನ ಮಾತಿಗೆ ಸಮ. ಹೀಗಿರಲು, ಟವರನ್ನು ತೆಗೆಯಿರಿ ಎಂದು ಕಚೇರಿಯ ಮುಂದೆ ಕುಳಿತು ದಿನವಿಡೀ ಮೊಬೈಲಿನಲ್ಲಿ ಮಾತಾಡುವವರ ಸ್ಥಿತಿ ಬಗಲಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದವಳ ಸ್ಥಿತಿಯೇ ಸರಿ.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಮೊಬೈಲು ಒಂದೇ ಸಮನೆ ಒಂದೇ ಬಲದಿಂದ ಕೂಗುವ ಉಪಕರಣವಲ್ಲ. ಟವರು ಹತ್ತಿರವಿದ್ದು ಸಿಗ್ನಲ್ ಚೆನ್ನಾಗಿದ್ದರೆ ಅದು ತನ್ನ ಶಕ್ತಿಯನ್ನು ನೂರನೆಯ, ಸಾವಿರದನೆಯ ಒಂದು ಪಾಲಿಗೆ ಇಳಿಸಿಕೊಂಡು ಪಿಸುಮಾತಿನಲ್ಲಿ ಮಾತಾಡುತ್ತದೆ. ಟವರು ದೂರವಾದರೆ, ನಡುವೆ ದಪ್ಪ ಗೋಡೆ ಬಂದರೆ, ಹೊಲದ ಆಚೆ ನಿಂತವನನ್ನು ಕರೆಯುವ ರೈತನಂತೆ ಗಂಟಲು ಹರಿಯುವಷ್ಟು ಕೂಗುತ್ತದೆ. ಐಹೊಳೆಯಂಥ ಊರಿನಲ್ಲಿ ಏನಾಗುವದೆಂಬದನ್ನು ಇನ್ನು ವಾಚಕರೇ ಊಹಿಸಬಹುದು. ಕಾಯಿದೆಯ ವರ್ತುಲಗಳಿಂದಾಗಿ ಟವರು ಊರಿಂದ ದೂರ ಸರಿದಷ್ಟೂ, ಕಲ್ಲು ಮಣ್ಣಿನ ದಪ್ಪ ಗೋಡೆಯ ಮಾಳಿಗೆ ಮನೆಯೊಳಗೆ ಕುಳಿತು ಮಾತಾಡುವವರ ಕಿವಿಯ ಬದಿಯ ಮೊಬೈಲು ಅಷ್ಟಷ್ಟು ಹೆಚ್ಚು ಶಕ್ತಿಯನ್ನು ಸುರಿಯಬೇಕಾಗುತ್ತದೆ. ಟವರು ದೂರವಾದರೆ ಬಾಧೆ ದೂರವಾಯಿತೆಂಬ ನಂಬಿಕೆ ಇಲ್ಲಿ ತಲೆಕೆಳಗಾಯಿತು. ನಾವು ಕೇಳಿದ ಪ್ರಶ್ನೆಗೆ ಇದೇ ಉತ್ತರ.

ಹಾಗೆಂದು ಟವರನ್ನು ಎಲ್ಲಿ ಬೇಕಾದಲ್ಲಿ, ಹೇಗೆ ಬೇಕಾದ ಹಾಗೆ ನಿಲ್ಲಿಸಬಹುದೆಂದು ನಾವು ಹೇಳುತ್ತಿಲ್ಲ. ಆಂಟೆನಾ ತನ್ನ ಶಕ್ತಿಯನ್ನು ಬಹುತರವಾಗಿ ಅಡ್ಡಲಾಗಿ ಮುಂದಕ್ಕೆ ಕಳುಹಿಸುತ್ತದೆ. ನೇರ ಕೆಳಗೆ ಬೀಳುವದು ಅಲ್ಪ. ಆದ್ದರಿಂದ ಟವರಿನ ಬುಡದಲ್ಲಿರುವ ಮನೆಗಿಂತ, ಆಂಟೆನಾದಷ್ಟೇ ಎತ್ತರದಲ್ಲಿ ಅದರ ಎದುರಿಗಿರುವ ಮಹಡಿಯ ಕೋಣೆಗೆ ಹೆಚ್ಚು ಎಚ್ಚರ ಬೇಕು. ಕೇಂದ್ರದ ದೂರಸಂಪರ್ಕ ಇಲಾಖೆ ರಾಜ್ಯಗಳಿಗೆ ಕೊಟ್ಟ ಸೂಚನೆಗಳಲ್ಲಿ ಇಂಥ ಎದುರಿನ ಕಟ್ಟಡಕ್ಕೂ ಆಂಟೆನಾಕ್ಕೂ ನಡುವೆ ಇರಬೇಕಾದ ಅಂತರವನ್ನು ಹೇಳಿದೆ: ಆಂಟೆನಾ ಒಂದೇ ಇದ್ದರೆ 20 ಮೀಟರು, ಎರಡಿದ್ದರೆ 35 ಮೀಟರು, ಹನ್ನೆರಡಿದ್ದರೆ 75 ಮೀಟರು. ಇಳಕಲ್ಲಿನಂಥ, ಬಾಗಲಕೋಟೆಯಂಥ ದಟ್ಟ ಪಟ್ಟಣಗಳಲ್ಲಿ ಮನೆಯ ಮಾಳಿಗೆಯ ಮೇಲೆ ಬಾಡಿಗೆಯ ಆಶೆಯಿಂದ ಆಂಟೆನಾಗಳಿಗೆ ಎಡೆ ಕೊಡುವವರು ಎದುರು ಮನೆಯವರ ಕಿಟಕಿ ಎಷ್ಟು ಮೀಟರು ದೂರದಲ್ಲಿದೆ ಎಂಬದನ್ನು ಅಳೆದು ನೋಡುವದು ನೆರೆಹೊರೆಯ ಧರ್ಮ; ಅಳೆಯಿಸುವದು ಪುರಸಭೆಯ ಅಧಿಕಾರಿಗಳ ಕರ್ತವ್ಯ.

ಕಟ್ಟಳೆಗಳ ವಿಷಯದಲ್ಲಿ ನಮ್ಮ ದೇಶವು ಹಿಂದೆ ಬಿದ್ದಿಲ್ಲವೆಂಬದನ್ನು ಇಲ್ಲಿ ಹೇಳಬೇಕು. ಅಂತರರಾಷ್ಟ್ರೀಯ ತಜ್ಞಮಂಡಲವೊಂದು ಗೊತ್ತುಪಡಿಸಿದ ಮಿತಿಗಳನ್ನು ಭಾರತವು 2008ರಲ್ಲಿ ಸ್ವೀಕರಿಸಿತು. 2010ರಲ್ಲಿ ನೇಮಕವಾದ ಅಂತರ್‌ಇಲಾಖಾ ಸಮಿತಿಯ ಶಿಫಾರಸಿನ ಮೇಲೆ 2012ರ ಸಪ್ಟೆಂಬರ 1ರಿಂದ ಟವರುಗಳ ಮಿತಿಯನ್ನು ಅದರ ಹತ್ತನೆಯ ಒಂದು ಪಾಲಿಗೆ ಇಳಿಸಲಾಯಿತು. 900 ಮೆಗಾಹರ್ಟ್ಸ್ ಅಲೆಗೆ ಚದರ ಮೀಟರಿಗೆ 4.5 ವ್ಯಾಟ್ ಇದ್ದದ್ದು 0.45 ವ್ಯಾಟ್ ಆಯಿತು. ಮೇಲೆ ನಾವು ಮಾಡಿದ ಲೆಕ್ಕದ 0.008 ವ್ಯಾಟನ್ನು ಇದರೊಡನೆ ಹೋಲಿಸಿ ನೋಡಬಹುದು. ಅದೇ ದಿನದಿಂದ ಹೊಸ ಮೊಬೈಲುಗಳಿಗೂ ಒಂದು ಮಿತಿಯಾಯಿತು: ದೇಹದ ಯಾವ ಒಂದು ಗ್ರಾಮ್ ಭಾಗವೂ ಕಿಲೋಗ್ರಾಮಿಗೆ 1.6 ವ್ಯಾಟಿನ ಪ್ರಮಾಣಕ್ಕಿಂತ ಹೆಚ್ಚು ಶಕ್ತಿಯನ್ನು ಹೀರುವಂತಿರಬಾರದು. ಇದನ್ನು ಎಸ್‌ಎಆರ್ ಎಂದು ಕರೆಯುತ್ತಾರೆ. ಅನೇಕ ಮೊಬೈಲುಗಳಲ್ಲಿ *#07# ಎಂದು ಒತ್ತಿದರೆ ಆ ಉಪಕರಣದ ಅಂಕೆ ಪರದೆಯ ಮೇಲೆ ಮೂಡುತ್ತದೆ. ಬಣ್ಣವನ್ನೂ ಕ್ಯಾಮೆರಾವನ್ನೂ ಹತ್ತು ಸಲ ತಿರುಗಿಸಿ ನೋಡಿ ಕೊಳ್ಳುವ ನಮ್ಮವರಲ್ಲಿ ಈ ಅಂಕೆಯನ್ನು ಕೇಳಿದವರೆಷ್ಟು ಮಂದಿ?

ಇನ್ನು ರೋಗದ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ, ಫ್ರಾನ್ಸಿನ ಲಿಯೋನ್ ನಗರದಲ್ಲಿರುವ ಕ್ಯಾನ್ಸರ್ ಶೋಧ ಸಂಸ್ಥೆಯು 2011ರ ಮೇ ತಿಂಗಳಲ್ಲಿ ಈ ಅಲೆಗಳನ್ನು ‘2ಬಿ’ ಎಂಬ ವರ್ಗಕ್ಕೆ ಸೇರಿಸಿತು. ಕ್ಯಾನ್ಸರಿಗೆ ಕಾರಣವಾಗಬಹುದೆಂಬ ಸಂಶಯವಿದೆ, ಸಾಕಷ್ಟು ಪುರಾವೆಯಿಲ್ಲ ಎಂಬದೇ ಈ ವರ್ಗದ ಅರ್ಥ. ಇದನ್ನೇ ಹಿಡಿದು ‘ಮೊಬೈಲಿನಿಂದ ಕ್ಯಾನ್ಸರ್ ಎಂದು ಸಿದ್ಧವಾಯಿತು’ ಎಂದು ಸಾರುವವರು ಅದೇ ಸಂಸ್ಥೆಯ ಮೊದಲನೆಯ ವರ್ಗವನ್ನು ಓದಿಲ್ಲವೆಂದು ತೋರುತ್ತದೆ. ಪುರಾವೆ ಪೂರ್ಣವಾದ ಆ ವರ್ಗದಲ್ಲಿ ತಂಬಾಕು ಇದೆ, ಮದ್ಯವಿದೆ, ಅಡಿಕೆಯೂ ಇದೆ. ಬಾಯಲ್ಲಿ ಗುಟಖಾ ಇಟ್ಟುಕೊಂಡು ಟವರಿನ ಕೆಳಗೆ ನಿಂತು ಕ್ಯಾನ್ಸರಿನ ಮಾತಾಡುವವನು ತಾನು ಅಂಜಬೇಕಾದದ್ದನ್ನು ಅಗಿಯುತ್ತಿದ್ದಾನೆ, ಅಂಜದಿದ್ದರೂ ನಡೆಯುವದನ್ನು ನೋಡಿ ನಡುಗುತ್ತಿದ್ದಾನೆ.

ಹದಿಮೂರು ದೇಶಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ‘ಇಂಟರ್‌ಫೋನ್’ ಎಂಬ ಅಧ್ಯಯನದಲ್ಲಿ ಮೊಬೈಲು ಬಳಸುವವರಿಗೆ ಒಟ್ಟಿನಲ್ಲಿ ಮಿದುಳಿನ ಗಡ್ಡೆ ಹೆಚ್ಚಿದ್ದು ಕಂಡುಬರಲಿಲ್ಲ. ಅತಿ ಹೆಚ್ಚು, ಅಂದರೆ 1640 ತಾಸಿಗೂ ಮಿಕ್ಕಿ ಮಾತಾಡಿದ ವರ್ಗದಲ್ಲಿ ಮಾತ್ರ ಒಂದಿಷ್ಟು ಏರಿಕೆ ಕಂಡಿತು; ಆದರೆ ರೋಗಿಗಳ ನೆನಪಿನ ದೋಷದಿಂದಲೂ ಹಾಗೆ ಕಾಣಬಹುದೆಂದು ಶೋಧಕರೇ ಎಚ್ಚರಿಸಿದರು. 2018ರಲ್ಲಿ ಅಮೇರಿಕದ ಸರಕಾರಿ ಶೋಧಕರು, ದಿನಕ್ಕೆ ಒಂಬತ್ತು ತಾಸಿನಂತೆ ಎರಡು ವರುಷ ಮೈಯೆಲ್ಲ ಅಲೆಗಳಿಗೊಡ್ಡಿದ ಗಂಡು ಇಲಿಗಳ ಹೃದಯದಲ್ಲಿ ಗಡ್ಡೆಗಳನ್ನು ಕಂಡರು. ಆದರೆ ಅದೇ ಇಲಿಗಳು ಅಲೆ ತಗಲದ ಇಲಿಗಳಿಗಿಂತ ಹೆಚ್ಚು ಕಾಲ ಬದುಕಿದವು, ಮತ್ತು ಅವುಗಳಿಗೆ ಕೊಟ್ಟ ಪ್ರಮಾಣ ಜನಸಾಮಾನ್ಯರ ಮಿತಿಗಿಂತ ಬಹಳ ಮೇಲಿನದು. ವಿಶ್ವ ಆರೋಗ್ಯ ಸಂಸ್ಥೆಯೇ ಮಾಡಿಸಿ 2024ರಲ್ಲಿ ಪ್ರಕಟವಾದ ಸಮೀಕ್ಷೆಯು ಅರುವತ್ತಕ್ಕೂ ಹೆಚ್ಚು ಅಧ್ಯಯನಗಳನ್ನು ತೂಗಿ ನೋಡಿ, ಮೊಬೈಲಿನ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಾಣುವದಿಲ್ಲವೆಂದು ಹೇಳಿತು. ಈ ಎಲ್ಲದರ ತಾತ್ಪರ್ಯವಿಷ್ಟೇ: ಪುರಾವೆಯು ಭಯದ ಕಡೆಗಿಲ್ಲ, ಆದರೆ ವಿವೇಕಿಯು ಖರ್ಚಿಲ್ಲದ ಎಚ್ಚರಿಕೆಯನ್ನು ಬಿಡಬೇಕಾಗಿಯೂ ಇಲ್ಲ.

ಪುರಾವೆಯಿಲ್ಲದ ಭಯವೇ ಒಂದು ಕೇಡಾಗಬಲ್ಲದೆಂಬದನ್ನು ನಾವು ಕಂಡಿದ್ದೇವೆ. 2020ರಲ್ಲಿ ಇಂಗ್ಲಂಡದಲ್ಲಿ ಕೋವಿಡ್ ಬೇನೆಗೆ 5ಜಿ ಅಲೆಗಳೇ ಮೂಲವೆಂದು ನಂಬಿದ ಜನ ಟವರುಗಳಿಗೆ ಬೆಂಕಿಯಿಟ್ಟರು. 2021ರ ಮೇ ತಿಂಗಳಲ್ಲಿ ಅದೇ ಗಾಳಿಮಾತು ನಮ್ಮ ದೇಶದಲ್ಲಿಯೂ ಹಬ್ಬಲು, 5ಜಿ ಪರೀಕ್ಷೆ ದೇಶದಲ್ಲಿ ಎಲ್ಲಿಯೂ ಆರಂಭವೇ ಆಗಿಲ್ಲವೆಂದು ದೂರಸಂಪರ್ಕ ಇಲಾಖೆಯು ಪ್ರಕಟನೆ ಹೊರಡಿಸಬೇಕಾಯಿತು. ಮಲಪ್ರಭೆಯ ದಂಡೆಯವರಿಗೆ ನಾವು ಇನ್ನೊಂದು ಮಾತನ್ನು ನೆನಪಿಸಬೇಕು. 2019ರ ಆಗಸ್ಟಿನಲ್ಲಿ ನದಿ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ನುಗ್ಗಿತು. ಅಂಥ ರಾತ್ರಿ ದಂಡೆಯ ಊರುಗಳಿಗೆ ನಾವೆಯನ್ನು ಕರೆಯುವ ಸಾಧನ ಯಾವದು? ಪ್ರಸವವೇದನೆಯವಳಿಗೆ 108ರ ಗಾಡಿಯನ್ನು ತರಿಸುವ ಸಾಧನ ಯಾವದು? ಸಿಗ್ನಲ್ ಇಲ್ಲದಿರುವದೂ ಒಂದು ಅಪಾಯವೇ. ಅದನ್ನೂ ತಕ್ಕಡಿಯಲ್ಲಿಟ್ಟು ತೂಗಬೇಕು.

ಆದರೆ ನಗುವ ಪಕ್ಷದವರಿಗೂ ನಮ್ಮ ಮಾತೊಂದಿದೆ. ಪ್ರಜೆಗಳು ಅಂಜುವದು ಬುದ್ಧಿಯಿಲ್ಲದ್ದರಿಂದಲ್ಲ, ತಿಳಿಸುವವರಿಲ್ಲದ್ದರಿಂದ. ತನ್ನ ಟವರು ಮಿತಿಯೊಳಗಿದೆಯೆಂದು ಕಂಪನಿಯು ತಾನೇ ಪ್ರಮಾಣಪತ್ರ ಬರೆದುಕೊಡುತ್ತದೆ. ಇಲಾಖೆಯು ಅವುಗಳಲ್ಲಿ ಕೆಲವನ್ನು ಆರಿಸಿ ಪರೀಕ್ಷಿಸುತ್ತದೆ. ಊರವರ ಕಣ್ಣಿಗೆ ಬೀಳುವದು ಕಬ್ಬಿಣದ ಕಂಬವೊಂದೇ, ಅಂಕೆಗಳಲ್ಲ. ಟವರಿನ ಬಲವನ್ನು ತಿಳಿಯಲೆಂದು ಸರಕಾರವು 2017ರ ಮೇ ತಿಂಗಳಲ್ಲಿ ‘ತರಂಗ ಸಂಚಾರ’ ಎಂಬ ವ್ಯವಸ್ಥೆಯನ್ನು ತೆರೆಯಿತು; ಬೇಡಿದವರ ಮನೆಯ ಬಳಿ ಬಂದು ಅಳೆಯುವ ಏರ್ಪಾಡೂ ಅದರಲ್ಲಿದೆ. ಆದರೆ ಅದಕ್ಕೆ ಆಗ ಗೊತ್ತುಪಡಿಸಿದ ಶುಲ್ಕ 4000 ರೂಪಾಯಿ! ನೇಕಾರನೋ ಕೂಲಿಯವನೋ ತನ್ನ ಕೂಸಿನ ಚಿಂತೆಯನ್ನು ಕಳೆದುಕೊಳ್ಳಲು ಇಷ್ಟು ತೆರಬೇಕೆಂದರೆ ಆ ಬಾಗಿಲು ಅವನಿಗೆ ಮುಚ್ಚಿದಂತೆಯೇ ಅಲ್ಲವೇ?

ಇಷ್ಟೇ ಅಲ್ಲ. ಮೊಬೈಲಿನ ಜತೆಗೆ ಬರುವ ಪುಸ್ತಿಕೆಯಲ್ಲಿ ಇಂತಿಂಥ ಎಚ್ಚರಿಕೆಗಳನ್ನು ಅಚ್ಚು ಮಾಡಬೇಕೆಂದು ಇಲಾಖೆಯೇ ತಯಾರಕರಿಗೆ ವಿಧಿಸಿದೆ. ಎಸ್‌ಎಆರ್ ಕಡಿಮೆಯಿರುವ ಉಪಕರಣವನ್ನು ಆರಿಸಿರಿ. ಕಿವಿಗೆ ಒತ್ತಿಕೊಳ್ಳದೆ ಇಯರ್‌ಫೋನನ್ನು ಬಳಸಿರಿ. ಮಾತನ್ನು ಚಿಕ್ಕದಾಗಿ ಮುಗಿಸಿರಿ ಇಲ್ಲವೆ ಸಂದೇಶ ಬರೆಯಿರಿ, ಮಕ್ಕಳೂ ಗರ್ಭಿಣಿಯರೂ ಇದನ್ನು ವಿಶೇಷವಾಗಿ ಪಾಲಿಸಲಿ. ಸಿಗ್ನಲ್ ಚೆನ್ನಾಗಿದ್ದಲ್ಲಿ ಮಾತಾಡಿರಿ. ಹೃದಯದ ಪೇಸ್‌ಮೇಕರಿನಂಥ ಯಂತ್ರವನ್ನು ಮೈಯಲ್ಲಿ ಇಡಿಸಿಕೊಂಡವರು ಮೊಬೈಲನ್ನು ಅದರಿಂದ 15 ಸೆಂಟಿಮೀಟರು ದೂರವಿಡಿರಿ. ಎಲ್ಲವೂ ಬಂಗಾರದಂಥ ಮಾತುಗಳು. ಆದರೆ ಇವು ಅಚ್ಚಾಗಿರುವದು ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಂಥ ಅಕ್ಷರಗಳಲ್ಲಿ. ಕನ್ನಡಿಗನ ಹಣ ಕನ್ನಡ ನಾಡಿನಲ್ಲಿ ಸಲ್ಲುವದಾದರೆ ಅವನ ಕ್ಷೇಮದ ಮಾತು ಕನ್ನಡದಲ್ಲಿ ಏಕೆ ಸಲ್ಲಬಾರದು?

ಆದ್ದರಿಂದ ಮನೆಯ ಯಜಮಾನರಿಗೆ ನಮ್ಮ ಬಿನ್ನಹ: ದೀರ್ಘವಾಗಿ ಮಾತಾಡಬೇಕಾದಾಗ ಒಳಗಿನ ಕೋಣೆಯನ್ನು ಬಿಟ್ಟು ಪಡಸಾಲೆಗೋ ಅಂಗಳಕ್ಕೋ ಬನ್ನಿರಿ. ಮೊಬೈಲು ಕಿವಿಯಿಂದ ಒಂದು ಗೇಣು ದೂರ ಸರಿದರೂ ತಲೆಗೆ ತಗಲುವ ಪಾಲು ಬಹಳ ಇಳಿಯುತ್ತದೆ. ಮಕ್ಕಳ ಕೈಗೆ ಅದನ್ನು ಆಟಿಗೆಯಾಗಿ ಕೊಡಬೇಡಿರಿ. ಮಲಗುವಾಗ ತಲೆದಿಂಬಿನ ಕೆಳಗೆ ಇಡಬೇಡಿರಿ. ಮೋಟರ್ ಸೈಕಲ್ಲಿನ ಮೇಲೆ ಕತ್ತನ್ನು ಓರೆ ಮಾಡಿ ಮಾತಾಡುತ್ತ ಹೋಗುವವರನ್ನು ತಡೆಯಿರಿ. ವಾಹನ ನಡೆಸುತ್ತ ಮೊಬೈಲಿನಲ್ಲಿ ಮಾತಾಡುವವರಿಗೆ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊಬೈಲಿನಿಂದ ಸಂದೇಹಕ್ಕೆಡೆಯಿಲ್ಲದಂತೆ ಆಗುವ ಪ್ರಾಣಹಾನಿ ಇದು.

ಅಧಿಕಾರಿಗಳಿಗೆ ನಮ್ಮ ಬೇಡಿಕೆಗಳು ಮೂರು. ಒಂದು, ಗ್ರಾಮಪಂಚಾಯತಿಯು ಠರಾವು ಮಾಡಿ ಕೇಳಿದಲ್ಲಿ ಶುಲ್ಕವಿಲ್ಲದೆ ಊರಿನ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಲ್ಲಿ ಅಲೆಗಳ ಬಲವನ್ನು ಅಳೆದು, ಬಂದ ಅಂಕೆಯನ್ನೂ ಇರಬೇಕಾದ ಮಿತಿಯನ್ನೂ ಅಕ್ಕಪಕ್ಕದಲ್ಲಿ ಬರೆದು ಪಂಚಾಯತಿಯ ಗೋಡೆಗೆ ಹಚ್ಚಬೇಕು. ಎರಡು, ಈ ನಾಡಿನಲ್ಲಿ ಮಾರುವ ಪ್ರತಿಯೊಂದು ಮೊಬೈಲಿನ ಎಸ್‌ಎಆರ್ ಅಂಕೆಯೂ ಎಚ್ಚರಿಕೆಗಳೂ ಕನ್ನಡದಲ್ಲಿ, ಓದಲು ಬರುವ ಅಕ್ಷರಗಳಲ್ಲಿ ಇರಬೇಕು. ಮೂರು, ಐಹೊಳೆಯ ಗುಡಿಗಳ ನಡುವಿನ ಮನೆಗಳನ್ನು ಬೇರೆಡೆಗೆ ಸಾಗಿಸುವ ಮಾತು ಬಹು ವರುಷಗಳಿಂದ ನಡೆದಿದೆ. ಮನೆಗಳು ಇದ್ದಲ್ಲಿಯೇ ಇರಲಿ, ಹೊಸ ನೆಲೆಗೆ ಹೋಗಲಿ, ಪುರಾತತ್ತ್ವ ಇಲಾಖೆ, ಪಂಚಾಯತಿ, ದೂರಸಂಪರ್ಕ ಕಂಪನಿ ಮೂವರೂ ಕೂಡಿ ಕುಳಿತು, ಸ್ಮಾರಕಗಳ ನೋಟಕ್ಕೆ ಅಡ್ಡ ಬಾರದಂತೆಯೂ ಊರಿನವರ ಮೊಬೈಲು ಗಂಟಲು ಹರಿದುಕೊಳ್ಳದಂತೆಯೂ ಟವರಿನ ಜಾಗವನ್ನು ಮುಂಚಿತವಾಗಿ ಗೊತ್ತುಪಡಿಸಬೇಕು. ಗುಡಿಯ ರಕ್ಷಣೆ, ಜನರ ಆರೋಗ್ಯ, ಊರಿನ ಸಂಪರ್ಕ ಇವು ಒಂದಕ್ಕೊಂದು ವೈರಿಗಳಲ್ಲ. ಮೂರು ಕಚೇರಿಗಳು ಒಬ್ಬರನ್ನೊಬ್ಬರು ಕೇಳದೆ ನಡೆದಾಗ ಮಾತ್ರ ಅವು ವೈರಿಗಳಾಗುತ್ತವೆ.

ಮೇಗುಟಿಯ ಗೋಡೆಯ ಮೇಲೆ ರವಿಕೀರ್ತಿಯು ಕ್ರಿಸ್ತಶಕ 634ರಲ್ಲಿ ಬರೆಯಿಸಿದ ಶಾಸನವು ಸುಮಾರು ಸಾವಿರದ ನಾನೂರು ವರುಷಗಳ ಮೇಲೂ ಬಂದವರ ಕಣ್ಣೆದುರಿಗಿದೆ. ಅಂಥ ಊರಿನ ಪಂಚಾಯತಿಯ ಗೋಡೆಯ ಮೇಲೆ ಎರಡು ಅಂಕೆಗಳನ್ನು ಬರೆಯಿಸುವದು ಈ ಕಾಲದ ಸರಕಾರಕ್ಕೆ ಭಾರವಾಗಲಾರದು. ಆ ಅಂಕೆಗಳು ಬಂದ ದಿನ ಹುಯಿಲೂ ಅಡಗುವದು, ನಗುವೂ ಅಡಗುವದು. ಅಲ್ಲಿಯವರೆಗೆ ನಮ್ಮ ಜನರು ಟವರಿನ ಕಡೆಗೆ ಕಣ್ಣೆತ್ತಿ ನೋಡುವದಕ್ಕೆ ಮೊದಲು ತಮ್ಮ ಕೈಯಲ್ಲಿರುವದನ್ನು ನೋಡಿಕೊಳ್ಳಲಿ.